ಸೋಮವಾರ ಎಂಜಿನ್ನಿಗೂ ರಜಾ

ಉಮರ್ಗಾದ ನಮ್ಮ ಮನೆಗೆ ಎಂಜಿನ್ ಬಂದದ್ದು ಎತ್ತಿನ ಗಾಡಿಯ ಮೇಲೆ, ಬಾಣಂತಿಯ ಹಾಗೆ ಜೋಳದ ಕಣಿಕೆಯ ಹಾಸಿಗೆಯಲ್ಲಿ ಮಲಗಿಕೊಂಡು. ಆಗ ನಿಜಾಮರ ಆಳ್ವಿಕೆ. ಸೋಲಾಪುರ ಇಂಗ್ರೇಜರದು, ನಮ್ಮದು ಮೊಗಲಾಯಿ, ನಡುವೆ ಸುಂಕದ ನಾಕಾ. ಅಲ್ಲಿಯ ಜಮಾದಾರ ಗಾಡಿಯನ್ನು ಸುತ್ತಲೂ ತಿರುಗಿ ನೋಡಿ, ಇದು ಯಾವ ಬಾಬಿಗೆ ಸೇರಿದ ಸಾಮಾನು ಎಂದು ತಿಳಿಯದೆ ಒಂದು ಹಗಲು ಪೂರ್ತಿ ನಿಲ್ಲಿಸಿಕೊಂಡನಂತೆ. ಹಿಟ್ಟು ಬೀಸುವ ಸಾಮಾನು ಎಂದು ಹೇಳಿದರೆ, "ಚಕ್ಕಿ ಹೈ ತೋ ಪತ್ಥರ್ ಕಹಾಂ?" ಎಂದು ಕೇಳಿದನಂತೆ. ಕಲ್ಲು ಹಿಂದಿನ ಗಾಡಿಯಲ್ಲಿತ್ತು. ಅದು ಬಂದು ಮುಟ್ಟಿದ ಮೇಲೆ ಅವನಿಗೆ ಸಮಾಧಾನವಾಯಿತು. ಕಲ್ಲು ಕಂಡರೆ ಯಾರಿಗಾದರೂ ನಂಬಿಕೆ ಬರುತ್ತದೆ ನೋಡಿ.

ಈ ಹಕೀಕತ್ತನ್ನು ನನಗೆ ಹೇಳಿದವರು ನಮ್ಮನೆಯವರು. ಅವರ ಹೆಸರನ್ನು ನಾನು ಆಗಲೂ ಹೇಳುತ್ತಿರಲಿಲ್ಲ, ಈಗಲೂ ಹೇಳುವುದಿಲ್ಲ. ನಮ್ಮ ಕಡೆ ಗಂಡನ ಹೆಸರು ಹೇಳುವ ರೂಢಿ ಇರಲಿಲ್ಲ. ನನ್ನ ತವರು ಉದಗೀರ ಸಮೀಪದ ಜಳಕೋಟ. ಉಮರ್ಗಾಕ್ಕೆ ಸೊಸೆಯಾಗಿ ಬಂದು ಇನ್ನೂ ಬಹಳ ದಿನ ಆಗಿರಲಿಲ್ಲ. ಮನೆಯಲ್ಲಿ ಮಾವ, ಅತ್ತೆ, ನಾವಿಬ್ಬರು, ಹಿತ್ತಲಿನಲ್ಲಿ ಒಂದು ಜೋಡಿ ಎತ್ತು. ಪೇಟೆಯಲ್ಲಿ ಮಾವನ ಕಿರಾಣಿ ಅಂಗಡಿ. ಲಿಂಗವಂತರ ಮನೆ, ಮುಂಜಾನೆ ಲಿಂಗಪೂಜೆ ಆಗದೆ ಮಾವ ಅಂಗಡಿಯ ಬಾಗಿಲು ತೆಗೆಯುತ್ತಿರಲಿಲ್ಲ.

ಹಿಟ್ಟಿನ ಗಿರಣಿ ಹಾಕಬೇಕೆಂಬ ಹುಚ್ಚು ನಮ್ಮನೆಯವರಿಗೆ ಹಿಡಿದದ್ದು ಆ ಅಂಗಡಿಯಲ್ಲಿಯೇ. ತಹಸೀಲು ಕಚೇರಿಗೆ, ಪೊಲೀಸು ಠಾಣೆಗೆ, ಶಾಲೆಗೆ ಹೈದರಾಬಾದು ಕಡೆಯಿಂದ ನೌಕರಿಯವರು ಬರುತ್ತಿದ್ದರು. ಬರುವಾಗ ಹಾಸಿಗೆ ತರುತ್ತಿದ್ದರು, ಪಾತ್ರೆ ತರುತ್ತಿದ್ದರು, ಬೀಸುವ ಕಲ್ಲನ್ನು ಯಾರು ಹೊತ್ತು ತರುತ್ತಾರೆ? ಆ ಮನೆಗಳ ಆಳುಗಳು ಅಂಗಡಿಗೆ ಬಂದು, "ಆಟಾ ಮಿಲತಾ ಕ್ಯಾ?" ಎಂದು ಹಿಟ್ಟು ಕೇಳುವರು. ಇವರು ಇಲ್ಲ ಎನ್ನುವರು. ಮರುದಿನ ಮತ್ತೊಬ್ಬರು ಬಂದು ಅದನ್ನೇ ಕೇಳುವರು.

ಒಂದು ದಿನ ಊಟಕ್ಕೆ ಕುಳಿತಾಗ ಇವರು ತಂದೆಗೆ ಹೇಳಿದರು. "ಅಪ್ಪಾ, ಇಲ್ಲ ಇಲ್ಲ ಅಂದು ನನ್ನ ನಾಲಿಗಿ ಸವದದ. ಮಂದಿ ದಿನಾ ಕೇಳ್ಲಾಕತ್ತಾರ. ಕೇಳೂ ಸಾಮಾನು ಇಡದಿದ್ರ ನಾವು ಎಂಥಾ ಅಂಗಡಿಯವರು?"

"ಅಂಗಡ್ಯಾಗ ಮೊದಲಿಂದ ಇದ್ದದ್ದು ಇಟ್ರ ಸಾಕು," ಎಂದರು ಮಾವ.

"ಮೊದಲು ಚಾಪುಡಿ ಇತ್ತೇನ್ರಿ?"

ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಚಹಾಪುಡಿ ಇಟ್ಟವರು ಅವರೇ. ಇಡೀ ಪೇಟೆಯಲ್ಲಿ ಮೊದಲಿಗೆ ಇಟ್ಟು, ಅದು ಕುಡಿದರೆ ಪಿತ್ತವಾಗುತ್ತದೆ ಎಂದವರ ಮನೆಗೇ ಪುಡಿಕೆ ಕಟ್ಟಿ ಕಳಿಸಿದವರು. ಜನರಿಗೆ ಇದು ಗೊತ್ತಿರುವುದಿಲ್ಲ: ಮಗ ಹೊಸದೇನಾದರೂ ಮಾಡಲು ಹೊರಟರೆ, ಅದರ ಬೀಜ ಬಹಳ ಸಲ ತಂದೆಯ ಜೇಬಿನಿಂದಲೇ ಬಿದ್ದಿರುತ್ತದೆ. ತಂದೆ ಮರೆತಿರುತ್ತಾನೆ, ಅಷ್ಟೇ.

ಮಾವ ಎರಡು ದಿನ ಅಂಗಡಿಯ ಲೆಕ್ಕದ ವಹಿ ತಿರುವಿದರು. ಮೂರನೆಯ ದಿನ ಒಪ್ಪಿದರು, ಎರಡು ಕರಾರು ಹಾಕಿ.

ಒಂದು, ಬರುವ ಯುಗಾದಿಯ ತನಕ ಗಡುವು. ಅಷ್ಟರೊಳಗೆ ಊರಿನ ಜನ, ಅಂದರೆ ನೌಕರಿಯವರಷ್ಟೇ ಅಲ್ಲ, ನಮ್ಮ ಓಣಿಯವರು, ಹೊಲಮನೆಯವರು, ತಾವಾಗಿಯೇ ಬುಟ್ಟಿ ಹೊತ್ತು ಬರಬೇಕು. ಬರದಿದ್ದರೆ ಎಂಜಿನ್ ಬಂದ ದಾರಿಯಲ್ಲೇ ಸೋಲಾಪುರಕ್ಕೆ. ಮಗ ಉದಗೀರಿಗೆ ಹೋಗಿ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿಯಬೇಕು.

ಇನ್ನೊಂದು ಕರಾರು ಕೇಳಿ ಇವರಿಗೆ ನಗು ತಡೆಯಲಾಗಲಿಲ್ಲ. "ಸೋಮವಾರ ಹೂಡಂಗಿಲ್ಲ."

ನಮ್ಮ ಕಡೆಯ ಪದ್ಧತಿ ತಿಳಿಯದವರಿಗೆ ಹೇಳುತ್ತೇನೆ. ಸೋಮವಾರ ಬಸವಣ್ಣನ ವಾರ. ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಹೊಲದಲ್ಲಿ ಎಂಥ ಹದ ಇರಲಿ, ಗಾಡಿ ಎಲ್ಲಿಗೇ ಹೋಗಬೇಕಾಗಿರಲಿ, ಅಂದು ಎತ್ತಿಗೆ ಮೈತೊಳೆದು, ವಿಭೂತಿ ಹಚ್ಚಿ, ಕಡುಬು ತಿನ್ನಿಸಿ ಬಿಡುತ್ತಾರೆ.

"ಅಪ್ಪಾ, ಅದು ಎತ್ತಲ್ರಿ. ಕಬ್ಬಿಣ. ಘಾಸಲೇಟ್ ಎಣ್ಣಿ ಕುಡೀತದ," ಎಂದರು ಇವರು.

"ಏನರೇ ಕುಡೀಲಿ. ಮಾಡೂದು ಎತ್ತಿನ ಕೆಲಸ ಹೌದಲ್ಲೋ? ಎತ್ತಿನ ಕೆಲಸ ಮಾಡಿದ್ದಕ್ಕ ಎತ್ತಿನ ಸೂಟಿ."

"ಆದಿತವಾರ ಸಂತಿ ಅದಾರೀ. ತುರೋರಿಯಿಂದ, ಹಳ್ಳಿಹಳ್ಳಿಯಿಂದ ಬಂದ ಮಂದಿ ಉಳಕೊಂಡು ಸೋಮವಾರ ಮುಂಜಾನಿ ಊರಿಗಿ ಹೋಗ್ತಾರ. ಅವತ್ತೇ ಬಾಗಲಾ ಹಾಕಿದ್ರ ಗಿರಾಕಿ ಎಲ್ಲಿಂದ ತರಬೇಕು?"

"ಬ್ಯಾಡಾದ್ರ ಬಿಡು. ಗಜಕೋಲು ಕಾಯ್ಕೋತ ಕುಂತದ."

ಹಾಗಾಗಿ ಉಮರ್ಗಾದ ಮೊದಲ ಎಂಜಿನ್, ಸೋಮವಾರಕ್ಕೊಮ್ಮೆ ಹಣೆಗೆ ವಿಭೂತಿ ಹಚ್ಚಿಸಿಕೊಂಡು ಸುಮ್ಮನೆ ಕೂಡತೊಡಗಿತು. ಅದನ್ನು ನಡೆಸಲು ಕಲಿಸಿಕೊಡಲಿಕ್ಕೆ ಸೋಲಾಪುರದಿಂದ ಬಂದಿದ್ದ ಮಿಸ್ತ್ರಿ ಇದನ್ನು ನೋಡಿ, "ಶೇಟಜೀ, ಇದಕ್ಕೆ ಕಡುಬು ಯಾವ ತೂತಿನೊಳಗೆ ಹಾಕಬೇಕು?" ಎಂದು ಮರಾಠಿಯಲ್ಲಿ ಕೇಳಿದ. ಮಾವ ಸಿಟ್ಟಾಗಲಿಲ್ಲ. "ನಿನ್ನ ಬಾಯಾಗ ಹಾಕ್ತೀವಿ ಬಾ," ಎಂದು ಕರೆದು ಪಂಕ್ತಿಯಲ್ಲಿ ಕೂಡಿಸಿ ಕಡುಬು ಬಡಿಸಿದರು.

ಗಿರಣಿ ಶುರುವಾದ ದಿನ ಊರೇ ಬಂದು ನಿಂತಿತು. ಚಕ್ರ ತಿರುಗಿ, ಪಟ್ಟಾ ಓಡಿ, ಪುಕ್ ಪುಕ್ ಎಂದು ಹೊಗೆ ಬಂತು. ದನ ಬೆದರಿದವು. ಎಲ್ಲರೂ ನೋಡಿದರು, ಎಲ್ಲರೂ ಹೊಗಳಿದರು, ಎಲ್ಲರೂ ಮನೆಗೆ ಹೋಗಿ ತಮ್ಮ ತಮ್ಮ ಕಲ್ಲಿನಲ್ಲಿ ಬೀಸಿಕೊಂಡರು. ತಹಸೀಲಿನ ಪೇಶ್ಕಾರ ಸಾಹೇಬರಂಥ ನೌಕರಿಯವರ ಮನೆಯ ಗೋಧಿ ಬಂತು, ಬಟ್ಟೆ ವ್ಯಾಪಾರದ ಜೈನರ ಮನೆಯ ಕಡಲೆ ಬಂತು. ನಮ್ಮವರ ಜೋಳ ಬರಲಿಲ್ಲ.

ಗಿರಣಿ ಹಿಟ್ಟು ಕಾದಿರುತ್ತದೆ, ರೊಟ್ಟಿ ಬಡಿದರೆ ಹರಿಯುತ್ತದೆ, ಕಸುವಿಲ್ಲ ಎಂದು ಬಾವಿಯ ಹತ್ತಿರ ಹೆಂಗಸರು ಹೇಳುತ್ತಿದ್ದರು. ಅದಕ್ಕೆ ಉಪಾಯ ಸಿಕ್ಕಿತು. ಹಿಟ್ಟನ್ನು ಪರಾತದಲ್ಲಿ ಹರವಿ ಆರಿಸಿ ಕೊಟ್ಟರೆ ಆಯಿತು. ಇವರು ಹಾಗೆ ಮಾಡಿದರು. ಆದರೂ ಬರಲಿಲ್ಲ. ಆಗ ಎದುರುಮನೆಯ ಕಾಕು ಒಳಗಿನ ಮಾತು ಹೇಳಿದರು. ಕಾಕು ಎಂದರೆ ಓಣಿಗೆ ಹಿರಿಯಾಕೆ. ಹೊಲಮನೆ ಉಳ್ಳವರು, ಗಂಡ ಹೋದ ಮೇಲೆ ತಾವೇ ಕಮತ ಮಾಡಿಸುವವರು. ಅವರು ಹೂಂ ಅಂದದ್ದಕ್ಕೆ ಓಣಿ ಹೂಂ ಅನ್ನುತ್ತಿತ್ತು.

ನಾನು ಕೊಡ ಎತ್ತಿಕೊಳ್ಳುವಾಗ ಅವರು ಕೇಳಿದರು. "ಏ ಜಳಕೋಟದಾಕಿ, ನಿಮ್ಮನಿ ರೊಟ್ಟಿ ಯಾವ ಹಿಟ್ಟಿಂದವ್ವಾ?"

ನಾನು ಕೊಡ ಸೊಂಟಕ್ಕೆ ಏರಿಸಿಕೊಂಡೆ.

"ನಿಮ್ಮ ಅತ್ತಿ ಮುಂಜಾನಿ ಬೀಸೂ ಸಪ್ಪಳ ನಮ್ಮನಿತನಾ ಕೇಳ್ತದ. ಮಗಂದು ಗಿರಣಿ, ತಾಯಿದು ಬೀಸೂ ಕಲ್ಲು. ನಮಗ್ಯಾಕ ಹೇಳ್ತೀರಿ ಮತ್ತ?" ಎಂದು ನಕ್ಕು, "ನಿನಗೇನು ಬಿಡು, ಗಿರಣಿ ಮುಳುಗಿದ್ರ ಉದಗೀರ. ತವರಮನಿ ಹಿತ್ತಲದಾಗ," ಎಂದರು.

ಆ ಮಾತು ನನಗೆ ತಾಗಿತು. ಅದರಲ್ಲಿ ಅರ್ಧ ಖರೆ ಇತ್ತು. ಉದಗೀರ ಎಂದರೆ ಬೇಕೆಂದಾಗ ಅವ್ವನ ಮುಖ ನೋಡಬಹುದು. ಆದರೆ ಮಸಿ ಹತ್ತಿದ ಕೈಯಲ್ಲಿ ಉಣ್ಣಲು ಕುಳಿತು ಎಂಜಿನ್ನಿನ ಮಾತೇ ಆಡುತ್ತಿದ್ದ ಮನುಷ್ಯ, ಮತ್ತೊಬ್ಬರ ಅಂಗಡಿಯಲ್ಲಿ ಸೀರೆ ಮಡಿಚುವುದನ್ನು ನೆನೆಸಿಕೊಂಡರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಕಾಕು ಹೇಳಿದ್ದು ನಿಜವೇ. ಅತ್ತೆ ಮಗನ ಗಿರಣಿಗೆ ಒಂದು ಕಾಳೂ ಕಳಿಸಿರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಕಲ್ಲಿನ ಮುಂದೆ ಕೂಡುತ್ತಿದ್ದರು, ಎದುರಿಗೆ ನಾನು. ಅವರ ಬಲಗೈಯ ರಟ್ಟೆ ಆಗಲೇ ಹಿಡಿದುಕೊಂಡಿತ್ತು. ನಡುನಡುವೆ ಹಾಡು ನಿಲ್ಲಿಸಿ ರಟ್ಟೆ ಒತ್ತಿಕೊಳ್ಳುವರು. ಆದರೂ ಬಿಡುತ್ತಿರಲಿಲ್ಲ. ಅವರ ಕೈಯ ಹಿಟ್ಟಿಗೆ ಹೆಸರಿತ್ತು. ಭಿಕ್ಷೆಗೆ ಬರುತ್ತಿದ್ದ ಜಂಗಮ ಅಯ್ಯನವರು ಜೋಳಿಗೆಯ ಬಾಯಿ ತೆರೆದು, "ಈ ಮನಿ ಹಿಟ್ಟು ಹೂವಿನಂಗ," ಎನ್ನುತ್ತಿದ್ದರು. ಅದೊಂದು ಮಾತಿಗೆ ಅತ್ತೆ ವಾರವಿಡೀ ಬೀಸಬಲ್ಲವರಾಗಿದ್ದರು.

ಸಂಕ್ರಾಂತಿ ದಾಟಿದ ಮೇಲೆ ಒಂದು ಸೋಮವಾರ ಇವರು ತಾಯಿಯನ್ನು ಗಿರಣಿಗೆ ಕರೆದುಕೊಂಡು ಹೋದರು. ಎಂಜಿನ್ ಸುಮ್ಮನಿರುವ ದಿನ, ಗಂಡಸರ ಸುಳಿವಿಲ್ಲ. ನಾನೂ ಹೋದೆ. ಅಂದು ಮೇಲಿನ ಕಲ್ಲು ಎತ್ತಿ ಪಕ್ಕಕ್ಕೆ ಒರಗಿಸಿದ್ದರು. ಬೇರೆ ದಿನ ಬಿಡುವಿಲ್ಲದ್ದರಿಂದ ಸವೆದ ಕಲ್ಲಿಗೆ ಹಲ್ಲು ಹಾಕಿಸುವ ಕೆಲಸ ಸೋಮವಾರಕ್ಕೇ ಬಂದಿತ್ತು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಕುಳಿತು, ಕಲ್ಲಿನ ಗೀರುಗಳಲ್ಲಿ ಬೆರಳಾಡಿಸಿದರು. ಬೆರಳಿಗೆ ಹಿಟ್ಟು ಹತ್ತಿತು. ಮೂಸಿದರು. ಮತ್ತೊಂದು ಗೀರಿನಲ್ಲಿ ಆಡಿಸಿ ಮೂಸಿದರು.

"ಇದು ಕಡ್ಲಿ. ಇದು ಗೋದಿ. ಇದು ಸಜ್ಜಿ, ಅದೂ ಹಳೀದು," ಎಂದು ಮಗನ ಕಡೆ ನೋಡಿದರು. "ತಮ್ಮಾ, ಇಡೀ ಉಮರ್ಗಾ ಇದರೊಳಗ ಕುಂತದಲ್ಲೋ. ಪೇಶ್ಕಾರರ ಮನೀದು ಮುಗದ ಮ್ಯಾಲ ಜೈನರದು, ಜೈನರದು ಮುಗದ ಮ್ಯಾಲ ಬಾಮಣರದು. ಯಾರ ಹಿಟ್ಟಿನಾಗ ಯಾರು ಬಂದಾರ ಯಾರಿಗಿ ಗೊತ್ತು? ಈ ಹಿಟ್ಟು ನಾ ಅಯ್ನೋರ ಜೋಳಗಿಗಿ ಹ್ಯಾಂಗ ಹಾಕ್ಲಿ?"

"ದಿನಾ ಝಾಡಸ್ತೀವಿ ಅವ್ವಾ."

"ಝಾಡಸಿದ್ರ ಹೋಗ್ತದೇನು? ಮನ್ಯಾಗ ಖಾರ ಬೀಸಿದ್ರ ಏನ್ ಮಾಡ್ತೀವಿ? ಹಿಂದಿಂದ ಒಂದು ಹಿಡಿ ಜೋಳ ಹಾಕಿ ತಿರುವಿ, ಆ ಹಿಟ್ಟು ತಗದು ಎತ್ತಿಗಿ ಹಾಕ್ತೀವಿ. ಕಲ್ಲು ಸ್ವಚ್ಛ ಆಗ್ತದ. ನೀ ಎಷ್ಟು ಮಂದಿಗಿ ಹಿಡಿ ಹಾಕ್ತೀ? ಒಬ್ಬೊಬ್ಬರಿಗಿ ಒಂದೊಂದು ಹಿಡಿ ಹಾಕ್ಕೋತ ಹೋದ್ರ ಗಿರಣಿ ಉಳಿದಂಗ ನೋಡು."

ಅವರು ಕುಹಕಕ್ಕೆ ಹೇಳಿದ್ದು. ಇವರು ಅದನ್ನು ಹಾಗೆ ಕೇಳಿಸಿಕೊಳ್ಳಲಿಲ್ಲ. ಕಲ್ಲಿನ ಹತ್ತಿರ ಕುಕ್ಕುರುಗಾಲಿನಲ್ಲಿ ಕುಳಿತು, ಗಲ್ಲಕ್ಕೆ ಕೈಯಿಟ್ಟು, ಬಹಳ ಹೊತ್ತು ಆ ಗೀರುಗಳನ್ನೇ ನೋಡಿದರು.

"ಹಿಡಿ ಸಾಲಂಗಿಲ್ಲ ಅವ್ವಾ. ಇದು ದೊಡ್ಡ ಕಲ್ಲು. ಬೊಗಸಿ ಬೇಕು," ಎಂದರು.

ಮಂಗಳವಾರದಿಂದ ಹೊಸ ಪದ್ಧತಿ ಶುರುವಾಯಿತು. ಒಬ್ಬರ ಕಾಳು ಮುಗಿದ ಮೇಲೆ, ಮುಂದಿನವರ ಕಾಳು ಸುರಿಯುವ ಮುಂಚೆ, ಗಿರಣಿಯದೇ ಜೋಳ ಒಂದು ಬೊಗಸೆ ಕಲ್ಲಿಗೆ ಹಾಕುವುದು. ಹಿಂದಿನವರ ಹಿಟ್ಟನ್ನು ಅದು ತಳ್ಳಿಕೊಂಡು ಹೊರಗೆ ಬರುತ್ತದೆ. ಅದನ್ನು ಬೇರೆ ಡಬ್ಬಿಯಲ್ಲಿ ಹಿಡಿಯುವುದು. ಆ ಡಬ್ಬಿ ಸಂಜೆ ನಮ್ಮ ಮನೆಗೆ ಬಂದು ಎತ್ತಿನ ಹಿಂಡಿಯೊಳಗೆ ಕೂಡುವುದು. ಬಂದವರ ಕಣ್ಣೆದುರಿಗೇ ಮಾಡಬೇಕು, ಬಾಯಿಂದ ಹೇಳಬಾರದು ಎಂದು ಇವರ ನಿಯಮ.

ನೋಡಿದವರು ನಕ್ಕರು. ಇದೇನು, ತನ್ನ ಜೋಳ ತಾನೇ ಬೀಸಿ ಎತ್ತಿಗೆ ಹಾಕುವ ಗಿರಣಿ! ಮಾವ ಅಂತೂ ಅಂಗಡಿಯ ಚೀಲ ಬರಿದಾಗುವುದನ್ನು ನೋಡಿ, "ವ್ಯಾಪಾರ ಕಲೀಲಿ ಅಂದ್ರ ದಾಸೋಹ ಹಚ್ಯಾನ," ಎಂದು ಗೊಣಗಿದರು. ಆದರೆ ನಿಲ್ಲಿಸಲಿಲ್ಲ. ದಾಸೋಹ ಎಂಬ ಮಾತು ಅವರ ಬಾಯಿಂದಲೇ ಬಂದದ್ದರಿಂದ ನಿಲ್ಲಿಸಲು ಬರುವಂತಿರಲಿಲ್ಲ.

ಜನ ಒಬ್ಬೊಬ್ಬರಾಗಿ ಬಂದು ನಿಂತು ನೋಡತೊಡಗಿದರು. ಪೂಜೆ ಹೇಳುವ ಭಟ್ಟರ ಮನೆಯವರು ಬಂದರು. ಅವರದು ಮುಗಿದ ಮೇಲೆ ಬೊಗಸೆ ಬಿತ್ತು, ಹಿಂದೆ ನಿಂತಿದ್ದ ಪೇಶ್ಕಾರರ ಮನೆಯ ಆಳು, "ಇವರ ಹಿಟ್ಟು ನಮಗೆ ಹತ್ತಬಾರದೆಂದೋ, ನಮ್ಮದು ಅವರಿಗೆ ಹತ್ತಬಾರದೆಂದೋ?" ಎಂದು ದಖ್ಖನಿಯಲ್ಲಿ ಕೇಳಿದ. "ಯಾರದೂ ಯಾರಿಗೂ ಕಮ್ಮಿ ಆಗಬಾರದೆಂದು," ಎಂದರು ಇವರು ಅವನ ಮಾತಿನಲ್ಲೇ. ಅವನಿಗೆ ಆ ಉತ್ತರ ಸೇರಿತು.

ಇಷ್ಟಾದರೂ ನಮ್ಮ ಓಣಿ ಬರಲಿಲ್ಲ. ಶಿವರಾತ್ರಿ ಹೋಯಿತು, ಹೋಳಿ ಹತ್ತಿರ ಬಂತು. ಕಾಕು ದಿನವೂ ನಮ್ಮ ಬೀಸುವ ಕಲ್ಲಿನ ಸಪ್ಪಳ ಕೇಳುತ್ತಿದ್ದರು. ಇವರು ತಾಯಿಗೆ ಬಾಯಿ ಬಿಟ್ಟು ಕೇಳಲಿಲ್ಲ, ನಾನೂ ಕೇಳುವಂತಿರಲಿಲ್ಲ. ಉದಗೀರಿನ ಸೋದರಮಾವ, ಯುಗಾದಿಗೆ ಬಟ್ಟೆ ಗಿರಾಕಿ ಬಹಳ, ಹುಡುಗನನ್ನು ಬೇಗ ಕಳಿಸಿರಿ ಎಂದು ಹೇಳಿಕಳಿಸಿದರು. ಇವರು ರಾತ್ರಿ ಉಣ್ಣುವಾಗ ಎಂಜಿನ್ನಿನ ಮಾತು ನಿಲ್ಲಿಸಿದ್ದರು. ಗಿರಣಿಯ ಆಸೆ ಬಿಟ್ಟಿದ್ದಾರೆಂದು ನನಗೆ ಗೊತ್ತಾಯಿತು.

ಹೋಳಿಯ ಮುಂದಿನ ಸೋಮವಾರ. ಹಿಂದಿನ ದಿನದಿಂದ ಅತ್ತೆಯ ರಟ್ಟೆ ಮೇಲೇಳುತ್ತಿರಲಿಲ್ಲ. ಬಿಸಿ ಉಪ್ಪಿನ ಗಂಟಿನಿಂದ ಕಾಸಿದರೂ ಇಳಿಯಲಿಲ್ಲ. ನಾನೊಬ್ಬಳೇ ಬೀಸಿದ ಹಿಟ್ಟು ಮನೆಯ ರೊಟ್ಟಿಗೆ ಸಾಕಾಯಿತು. ಎತ್ತಿನ ಕಡುಬಿಗೆ ಉಳಿಯಲಿಲ್ಲ.

ಮಾವ ಎತ್ತುಗಳ ಮೈ ತೊಳೆದು ಬಂದವರು ಕೇಳಿದರು. "ಕಡುಬು ಆಗ್ಯಾವೇನು?"

"ಹಿಟ್ಟಿಲ್ರಿ," ಎಂದರು ಅತ್ತೆ.

"ಗಿರಣಿ ಡಬ್ಬಿ ತುಂಬಿ ಕುಂತದಲ್ಲ. ಅದು ಎತ್ತಿಂದೇ ಹಿಟ್ಟು. ಅದರಾಗ ಮಾಡು."

ಅತ್ತೆ, "ಎತ್ತಿಗೇ ತಾನಾ," ಎಂದು ಡಬ್ಬಿ ತರಲು ನನಗೆ ಸನ್ನೆ ಮಾಡಿದರು. ಜೋಳ, ಗೋಧಿ, ಕಡಲೆ, ಸಜ್ಜೆ ಎಲ್ಲ ಕೂಡಿದ ಹಿಟ್ಟು, ಬಣ್ಣ ಮಣ್ಣಿನ ಹಾಗೆ. ನಾನು ನಾದಿದೆ, ಅವರು ಎಡಗೈಯಲ್ಲಿ ಕಡುಬು ಕಟ್ಟಿದರು, ಹಬೆಯಲ್ಲಿ ಬೇಯಿಸಿದೆವು. ಇಷ್ಟರೊಳಗೆ ನಮ್ಮ ಇಬ್ಬರ ತಲೆಗೂ ಒಂದು ಮಾತು ಹೊಳೆಯಲೇ ಇಲ್ಲ.

ನಮ್ಮ ಮನೆಯ ರೂಢಿ ಹೀಗಿತ್ತು. ಸೋಮವಾರದ ಕಡುಬಿನ ತಾಟು ಮೊದಲು ಎತ್ತುಗಳ ಮುಂದೆ ಹೋಗುವುದು. ಅವು ತಿಂದು ಉಳಿದದ್ದು ತಾಟಿನಲ್ಲೇ ತಿರುಗಿ ಬರುವುದು. ಅದು ಬಸವಣ್ಣನ ಪ್ರಸಾದ. ಮಾವ ಒಂದೊಂದು ತುಣುಕು ಎಲ್ಲರ ಅಂಗೈಗೆ ಇಡುವರು. ಅದನ್ನು ಬಾಯಿಗೆ ಹಾಕಿಕೊಂಡ ಮೇಲೆಯೇ ಮನೆಯ ಊಟ. ಎದುರುಮನೆಯ ಕಾಕು ಆ ತುಣುಕಿಗಾಗಿ ಪ್ರತಿ ಸೋಮವಾರ ನಮ್ಮ ಹೊಸ್ತಿಲಿಗೆ ಬರುತ್ತಿದ್ದರು. ಅವರ ಗಂಡ ಇದ್ದಾಗಿನಿಂದ ನಡೆದು ಬಂದ ಪದ್ಧತಿ.

ಅಂದೂ ಬಂದರು. ಮಾವ ತಾಟು ಹಿಡಿದು ಹಿತ್ತಲಿನಿಂದ ಬಂದರು, ಎಂದಿನ ಹಾಗೆ ಶಿವ ಶಿವ ಎನ್ನುತ್ತ ಕಾಕುವಿನ ಅಂಗೈಗೆ ಒಂದು ತುಣುಕು, ಅತ್ತೆಯ ಅಂಗೈಗೆ ಒಂದು ತುಣುಕು, ಮಗನಿಗೆ, ನನಗೆ.

ಕಾಕು ಅಂಗೈ ನೋಡಿಕೊಂಡರು. "ಯಾಕವ್ವಾ, ಇದರ ಬಣ್ಣ ಜರಾ ಬ್ಯಾರೇ ಅದ?"

ಆಗ ಹೊಳೆಯಿತು. ಮೊದಲು ಅತ್ತೆಗೆ, ಆಮೇಲೆ ಮಾವನಿಗೆ. ಇವರು ತಮ್ಮ ತುಣುಕನ್ನು ಬಾಯಿಯ ಹತ್ತಿರ ಒಯ್ದವರು ಹಾಗೆಯೇ ನಿಂತರು. ಮಾವ ಮೆಲ್ಲಗೆ, "ಇಡ್ರಿ, ತಾಟಿನಾಗ ಇಡ್ರಿ. ಎತ್ತಿಗೇ ಹಾಕಿ ಬರ್ತೀನಿ," ಎಂದು ತಾಟು ಮುಂದೆ ಹಿಡಿದರು.

ಅತ್ತೆ ಅಂಗೈ ಹಿಂದಕ್ಕೆ ತೆಗೆದುಕೊಂಡರು.

"ಏನಂದ್ರಿ? ಬಸವಣ್ಣ ಉಂಡು ಬಿಟ್ಟದ್ದು ನಮ್ಮ ಕೈಯಾಗ ಬಂದದ. ನಮ್ಮ ಕೈ ಮುಟ್ಟಿದ್ದು ತಿರುಗಿ ಬಸವಣ್ಣಗ ಹಾಕ್ತೀರಾ?"

"ಹಂಗಲ್ಲ, ಇದು ಗಿರಣಿ..."

"ಗಿರಣೀದು ಇತ್ತು. ತಾಟಿನಾಗ ಹೋಗಿ ಬಂದ ಮ್ಯಾಲ ಪ್ರಸಾದ."

ಹಾಗೆಂದು ಬಾಯಿಗೆ ಹಾಕಿಕೊಂಡರು. ನಾವೆಲ್ಲ ಅವರ ದವಡೆ ಆಡುವುದನ್ನೇ ನೋಡುತ್ತಿದ್ದೆವು. ಅವರು ನಿಧಾನವಾಗಿ ಅಗಿದು, ನುಂಗಿ, ನನ್ನ ಕಡೆ ತಿರುಗಿದರು.

"ಉಪ್ಪು ಕಡಿಮಿ ಆಗ್ಯದ," ಎಂದರು.

ಕಾಕು ಇನ್ನೂ ಅಂಗೈ ಚಾಚಿಕೊಂಡೇ ಇದ್ದರು. "ಎಲ್ಲಾರ ಹಿಟ್ಟೂ ಇದರೊಳಗದೇನು?"

"ಹೂಂ. ಪ್ಯಾಟಿದೆಲ್ಲಾ ಅದ," ಎಂದರು ಅತ್ತೆ.

"ಪೇಶ್ಕಾರರ ಮನೀದೂ?"

"ಅದೂ."

"ಎತ್ತು ಮೂಸಿ ನೋಡ್ಲಿಲ್ಲೇನು ತಿನ್ನೂ ಮೊದಲು?"

ಇದಕ್ಕೆ ಮಾವನೇ ಉತ್ತರ ಕೊಟ್ಟರು. "ನಮ್ಮ ಹಿರಿ ಎತ್ತು ಗೊತ್ತದಲ್ಲ ನಿಮಗ. ನಿನ್ನಿ ರೊಟ್ಟಿ ಮೂಸಿ ಮಾರಿ ತಿರವತದ. ಇವತ್ತು ತಾಟು ನೆಕ್ಕೇದ. ಕಸಗೊಂಡು ಬಂದೀನಿ."

ಕಾಕು, "ತಾಟು ನೆಕ್ಕಿದ್ರ ಮುಗೀತು," ಎಂದು ತುಣುಕನ್ನು ಕಣ್ಣಿಗೆ ಒತ್ತಿಕೊಂಡು ತಿಂದರು. ಹೊಸ್ತಿಲು ಇಳಿಯುವಾಗ ತಿರುಗಿ, "ಖರೇನ ಉಪ್ಪು ಕಡಿಮಿ ಅದ ನೋಡು," ಎಂದು ಹೇಳಿ ಹೋದರು.

ಮರುದಿನ ಮುಂಜಾನೆ ಅತ್ತೆ ನನ್ನನ್ನು ಕಲ್ಲಿನ ಹತ್ತಿರ ಕರೆಯಲಿಲ್ಲ. ಕಣಜದಿಂದ ಜೋಳ ತೆಗೆದು, ಕೇರಿ, ಹರಳು ಆರಿಸಿ ಬುಟ್ಟಿ ತುಂಬಿದರು. ನನ್ನ ತಲೆಯ ಮೇಲೆ ಇಟ್ಟು ತಾವು ಮುಂದೆ ನಡೆದರು. ಹಿತ್ತಲ ಬಾಗಿಲಿನಿಂದ ಹೋದರೆ ಗಿರಣಿ ಸಮೀಪ. ಅವರು ಮುಂಬಾಗಿಲಿನಿಂದ ಹೊರಟು, ಕಾಕುವಿನ ಮನೆ ಹಾದು, ಬಾವಿಯ ಮುಂದೆ ಹಾದು, ಪೇಟೆಯ ನಡುವೆ ಹೋದರು. ಗಿರಣಿಯಲ್ಲಿ ಇವರು ತಾಯಿಯನ್ನು ನೋಡಿ ಪಟ್ಟಾ ಹಾಕುವುದನ್ನೇ ಮರೆತು ನಿಂತರು.

"ನಿಂತೇನ್ ನೋಡ್ತಿ? ಸರದಿ ಯಾರದು?" ಎಂದರು ಅತ್ತೆ.

"ನಿಂದೇ ಅವ್ವಾ. ಹಾಕು."

"ಮೊದಲು ಬೊಗಸಿ ಹಾಕು. ನನ್ನ ಮುಂದ ಹಾಕು. ತಾಯಿ ಅಂತ ಬಿಡಬ್ಯಾಡ."

ಇವರು ಬೊಗಸೆ ಹಾಕಿದರು. ಹಿಂದೆ ತಿರುಗಿ ನೋಡಿದರೆ ಕಾಕುವಿನ ಮನೆಯ ಆಳು ಚೀಲ ಹೊತ್ತು ನಿಂತಿದ್ದ. ಯುಗಾದಿಯ ಹೊತ್ತಿಗೆ ಓಣಿಯ ಬುಟ್ಟಿಗಳು ಸಾಲಾಗಿ ಕೂಡುತ್ತಿದ್ದವು. ಹಬ್ಬದ ದಿನ ಹೋಳಿಗೆಯ ಕಣಕಕ್ಕೆ ಗಿರಣಿಯ ಗೋಧಿಹಿಟ್ಟು. ಮಾವ ಉಣ್ಣುತ್ತ, ಉದಗೀರಿನವರಿಗೆ ಬೇರೆ ಹುಡುಗನನ್ನು ನೋಡಿಕೊಳ್ಳಲು ಹೇಳಿಕಳಿಸಿದ್ದಾಗಿ ತಿಳಿಸಿದರು. ಅಷ್ಟೇ ಹೇಳಿದ್ದು. ಇವರು ಅಂದು ರಾತ್ರಿ ಮತ್ತೆ ಎಂಜಿನ್ನಿನ ಮಾತು ಶುರು ಮಾಡಿದರು. ನನಗೆ ತವರು ದೂರವೇ ಉಳಿಯಿತು.

ಎಲ್ಲವೂ ಗೆದ್ದಿತು ಎಂದು ತಿಳಿಯಬೇಡಿ. ಎರಡು ಮಳೆಗಾಲ ಕಳೆದ ಮೇಲೆ ಸಂತೆ ಬಯಲಿನ ಹತ್ತಿರ ಒಬ್ಬ ಶೇಟು ಇನ್ನೊಂದು ಗಿರಣಿ ಹಾಕಿದ. ಅವನಿಗೆ ಸೋಮವಾರದ ಹಂಗಿರಲಿಲ್ಲ. ತುರೋರಿಯ ಕಡೆಯ ಜನ ಸಂತೆ ಮುಗಿಸಿ ಉಳಿದವರು ಅವನಲ್ಲಿಗೇ ಹೋದರು. ಇವರು ಮತ್ತೊಮ್ಮೆ ಮಾವನನ್ನು ಕೇಳಿದರು. ಮಾವ ಮತ್ತೊಮ್ಮೆ ಇಲ್ಲ ಎಂದರು. ಆ ಗಿರಾಕಿ ಹೋದದ್ದು ಹೋಯಿತು, ತಿರುಗಿ ಬರಲಿಲ್ಲ. ಆದರೆ ಬೊಗಸೆ ಹಾಕುವುದನ್ನು ಆ ಶೇಟೂ ಕಲಿಯಬೇಕಾಯಿತು, ಜನ ಕೇಳುತ್ತಿದ್ದರು. ನಿಲಂಗಾಕ್ಕೆ ಕೊಟ್ಟಿದ್ದ ನಮ್ಮ ನಾದಿನಿಯ ಗಂಡ ತಮ್ಮೂರಿನಲ್ಲಿ ಗಿರಣಿ ಹಾಕುವಾಗ ಬಂದು, ಎಂಜಿನ್ನಿನ ವಿಷಯ ಸ್ವಲ್ಪ ಕೇಳಿ, ಬೊಗಸೆಯ ವಿಷಯ ಬಹಳ ಕೇಳಿಕೊಂಡು ಹೋದರು.

ವ್ಯಾಪಾರದಲ್ಲಿ ಹೊಸದು ಮಾಡುವವರಿಗೆ ಧೈರ್ಯ ಬೇಕು, ಬಂಡವಾಳ ಬೇಕು ಎಂದು ಈಗಿನವರು ಹೇಳುತ್ತಾರೆ. ಬೇಕೇನೋ. ನಾನು ಕಂಡ ಒಂದು ಗಿರಣಿಯ ಮಟ್ಟಿಗೆ ಹೇಳುವುದಾದರೆ, ಅದನ್ನು ಹುಟ್ಟಿಸಿದ್ದು ಇಲ್ಲ ಇಲ್ಲ ಎಂದು ಹೇಳಿ ಬೇಸತ್ತ ನಾಲಿಗೆ. ಉಳಿಸಿದ್ದು, ಬೇಡವೆಂದು ಹಟ ಹಿಡಿದವರು ಆಡಿದ ಕುಹಕದ ಮಾತು. ಸೋಮವಾರ ಬೇಡ ಎಂದ ಮಾವ, ಈ ಹಿಟ್ಟು ಬೇಡ ಎಂದ ಅತ್ತೆ ಇಬ್ಬರೂ ಮನೆಯಲ್ಲಿರದಿದ್ದರೆ ಎಂಜಿನ್ ಆ ಯುಗಾದಿಗೇ ಗಾಡಿ ಏರುತ್ತಿತ್ತು ಎಂದು ಇವರು ಕೊನೆಯವರೆಗೂ ಹೇಳುತ್ತಿದ್ದರು, ಅದೂ ಅವರಿಬ್ಬರೂ ಕೇಳದ ಹಾಗೆ.

ಅತ್ತೆ ಕಲ್ಲನ್ನು ಬಿಡಲಿಲ್ಲ. ರಟ್ಟೆ ಸ್ವಲ್ಪ ಸಡಿಲವಾದ ಮೇಲೆ ವಾರಕ್ಕೊಂದು ದಿನ, ಸೋಮವಾರ, ಅಯ್ಯನವರ ಜೋಳಿಗೆಗೆ ಆಗುವಷ್ಟು, ಎತ್ತಿನ ಕಡುಬಿಗೆ ಆಗುವಷ್ಟು ಬೀಸುತ್ತಿದ್ದರು. "ಯಾಕ್ರಿ ಅತ್ತಿ, ಗಿರಣಿ ಅದಲ್ಲಾ?" ಎಂದು ನಾನು ಒಮ್ಮೆ ಕೇಳಿದೆ.

"ಎಂಜಿನ್ನಿಗಿ ರಜಾ ಇದ್ದಾಗ ನನಗ ಹಾಜರಿ," ಎಂದರು.

ಸೋಮವಾರ ಮುಂಜಾನೆ ಓಣಿಯಲ್ಲಿ ಪುಕ್ ಪುಕ್ ಇರುತ್ತಿರಲಿಲ್ಲ. ಆ ನಿಶ್ಶಬ್ದದೊಳಗೆ ನಮ್ಮ ಕಲ್ಲಿನ ಸಪ್ಪಳ ಎದ್ದರೆ, ತುಸು ಹೊತ್ತಿಗೆ ಎದುರುಮನೆಯಿಂದಲೂ ಏಳುತ್ತಿತ್ತು. ಕಾಕುವಿನ ದನಿ ದಪ್ಪ, ಅತ್ತೆಯದು ಸಣ್ಣ. ಒಬ್ಬರು ಒಂದು ಸಾಲು ಹಾಡಿ ಬಿಟ್ಟರೆ ಅಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಬೀಸಿ ಮುಗಿಸಿ ಏಳುವ ಮುಂಚೆ ಅತ್ತೆ ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕುತ್ತಿದ್ದರು. ಅದು ಹಿರಿ ಎತ್ತಿಗೆ.